ಚೀಲ ಕಾದವಳು

ಗುಂಡಿಯಕ್ಕ ಎಂದರೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು. ಹದಿನೆಂಟಕ್ಕೆ ಸೇರಿದವಳು ಇಪ್ಪತ್ತೆಂಟು ವರ್ಷ ಅಂಗಿಗಳಿಗೆ ಗುಂಡಿ ಹಾಕಿದಳು. ಜೊತೆಗೆ ಸೇರಿದವರೆಲ್ಲ ಕಾಲರು, ತೋಳು ಹೊಲಿದು ಮೇಲ್ವಿಚಾರಕಿಯರಾದರು. "ಇವಳೊಬ್ಬಳು ಗುಂಡಿಯಿಂದ ಮೇಲೆ ಬರಲೇ ಇಲ್ಲ ನೋಡು" ಎಂದು ಊಟದ ಹೊತ್ತಿಗೆ ಹೆಂಗಸರು ನಗೆಯಾಡುತ್ತಿದ್ದರು. ಅವಳೂ ಜೊತೆಗೆ ನಗುತ್ತಿದ್ದಳು.

ತಾಯಿ ತೀರಿಕೊಂಡಾಗ ತಂಗಿಗೆ ಆರು ವರ್ಷ. ಅವಳ ತಲೆ ಬಾಚಿ, ಪಾಠ ಒಪ್ಪಿಸಿಕೊಂಡು, ಶಾಲೆಯ ಟೀಚರ್ ಆಗುವ ತನಕ ಓದಿಸಿದ್ದು ಈ ಅಕ್ಕನೇ. ಅಷ್ಟರಲ್ಲಿ ತನ್ನ ಮದುವೆಯ ಮಾತು ಎಲ್ಲೋ ಕಳೆದುಹೋಯಿತು. ತಂಗಿ ಫೋಟೋ ಸ್ಟುಡಿಯೋದವನನ್ನು ಮದುವೆಯಾದ ಮೇಲೆ ಅವರ ಮನೆಯಲ್ಲಿ ಅಡುಗೆಮನೆಗೆ ಅಂಟಿಕೊಂಡಿದ್ದ ಸಣ್ಣ ಕೋಣೆ ಅಕ್ಕನ ಪಾಲಿಗೆ ಬಂತು.

ಆ ಬೇಸಿಗೆಯಲ್ಲಿ ಗಂಡ ಹೆಂಡತಿ ಬೆನ್ನಿಗೆ ಚೀಲ ಏರಿಸಿಕೊಂಡು ರೈಲಿನಲ್ಲಿ ಊರೂರು ಸುತ್ತುವ ಯೋಚನೆ ಹಾಕಿದರು. ಹನ್ನೊಂದು ದಿನ, ಮೂರು ಹಳೆಯ ರಾಜಧಾನಿಗಳು, ಕೊನೆಗೆ ಸಮುದ್ರದಂಚಿನ ಒಂದು ಹಳ್ಳಿ.

"ನೀನೂ ಬಾ ಅಕ್ಕ. ಜನ್ಮದಲ್ಲಿ ಏನ್ ನೋಡಿದ್ದೀಯ ನೀನು?" ಎಂದಳು ತಂಗಿ.

ಗುಂಡಿಯಕ್ಕನಿಗೆ ಎರಡು ದಿನ ನಿದ್ದೆ ಹತ್ತಲಿಲ್ಲ. ಸೂಜಿ ಹಿಡಿದೂ ಹಿಡಿದೂ ಮಂದವಾಗಿದ್ದ ಕಣ್ಣಿಗೆ ಹೊಸ ಕನ್ನಡಕ ಮಾಡಿಸಿಕೊಂಡಳು.

ಮೊದಲ ಊರಿನ ಕೋಟೆಯ ಬಾಗಿಲಲ್ಲಿ ಕಾವಲುಗಾರ ಚೀಲಗಳನ್ನು ತಡೆದ. ತಂಗಿ ಗಂಡನ ಮುಖ ನೋಡಿದಳು, ಗಂಡ ಅತ್ತಿಗೆಯ ಮುಖ ನೋಡಿದ. "ಇಲ್ಲೇ ನೆರಳಲ್ಲಿ ಕೂತಿರು ಅಕ್ಕ, ಹೀಗೆ ಹೋಗಿ ಹಾಗೆ ಬಂದ್ಬಿಡ್ತೀವಿ" ಎಂದು ಒಳಗೆ ಹೋದವರು ಮೂರು ಗಂಟೆ ಬಿಟ್ಟು ಬಂದರು. ಎರಡನೇ ಊರಿನ ಅರಮನೆಯಲ್ಲೂ ಅದೇ ಕಥೆ. ಮೂರನೆಯದರಲ್ಲಿ ಅವಳು ಬಾಯಿಬಿಟ್ಟು ಕೇಳಿದಳು: "ಸ್ಟೇಷನ್ನಲ್ಲಿ ಸಾಮಾನು ಇಡೋ ಕೋಣೆ ಇದೆಯಂತಲ್ಲ?"

"ಅಲ್ಲಿಡೋದಾಗಿದ್ರೆ ನಿಮ್ಮನ್ನ ಯಾಕೆ ಕರ್ಕೊಂಡು ಬರ್ತಿದ್ವಿ?" ಎಂದು ತಂಗಿಯ ಗಂಡ ನಕ್ಕ. ತಮಾಷೆಗೆ ಹೇಳಿದ್ದಿರಬೇಕು ಎಂದುಕೊಂಡು ಅವಳು ಚೀಲಗಳನ್ನು ನೆರಳಿಗೆ ಎಳೆದುಕೊಂಡಳು.

ಸಮುದ್ರದ ಕಡೆ ಹೊರಟ ರೈಲಿನಲ್ಲಿ ಅವಳು ಮೇಲಿನ ಬರ್ತಿನಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. ಎದುರು ಸೀಟಿನ ಹೆಂಗಸು ತಂಗಿಯನ್ನು ಕೇಳಿದಳು: "ಮೇಲಿರೋರು ನಿಮಗೇನಾಗಬೇಕು?"

"ಮನೆಕೆಲಸಕ್ಕಿದ್ದಾರೆ. ತುಂಬಾ ವರ್ಷದಿಂದ ಇದ್ದಾರೆ, ಪಾಪ."

ಗುಂಡಿಯಕ್ಕ ಕಣ್ಣು ತೆರೆಯಲಿಲ್ಲ. ಊರು ಬರುವ ತನಕ ಆ "ಪಾಪ" ಎನ್ನುವುದೊಂದು ಅವಳ ಕಿವಿಯಲ್ಲಿ ಕೊರೆಯುತ್ತಲೇ ಇತ್ತು.

ಮರುದಿನ ಬೆಳಗ್ಗೆ ಸಮುದ್ರ ತೀರದಲ್ಲಿ ಅವರಿಬ್ಬರೂ ದೂರದ ಬಂಡೆಯ ಮೇಲಿನ ಹಾಳು ದೀಪಸ್ತಂಭ ನೋಡಲು ಹೊರಟರು. ನೀರು ಸಿಡಿದೀತೆಂದು ದೊಡ್ಡ ಕ್ಯಾಮೆರಾವನ್ನೂ ಚೀಲದಲ್ಲಿಟ್ಟು ಮರಳ ಮೇಲೆ ಬಿಟ್ಟರು. "ಅಕ್ಕ, ನೋಡ್ಕೋ" ಎಂದಳು ತಂಗಿ. ಹಿಂತಿರುಗಿಯೂ ನೋಡಲಿಲ್ಲ.

ಗುಂಡಿಯಕ್ಕ ಮೊದಲ ಬಾರಿಗೆ ಸಮುದ್ರ ನೋಡುತ್ತ ಕುಳಿತಳು. ಉಬ್ಬರ ಏರತೊಡಗಿತು. ಅಲೆಯೊಂದು ಬಂದು ಚೀಲದ ಪಟ್ಟಿ ನೆನೆಸಿ ಹೋಯಿತು. ಅವಳು ಎದ್ದಳು, ತನ್ನ ಕೈಚೀಲವನ್ನಷ್ಟೇ ಎತ್ತಿಕೊಂಡು ನಾಲ್ಕು ಹೆಜ್ಜೆ ಹಿಂದೆ ಹೋಗಿ ಮತ್ತೆ ಕುಳಿತಳು. ಮುಂದಿನ ಅಲೆ ಅವರಿಬ್ಬರೂ ಬಿಚ್ಚಿಟ್ಟು ಹೋಗಿದ್ದ ಚಪ್ಪಲಿಗಳನ್ನು ಒಯ್ದಿತು, ಅದರ ಹಿಂದಿನದು ಒಂದು ಚೀಲವನ್ನು ಮಗುಚಿತು.

ಹತ್ತಿರದಲ್ಲಿ ಬಲೆ ಹೆಣೆಯುತ್ತಿದ್ದವಳು ಕೂಗಿದಳು: "ಅಮ್ಮಾ, ನಿಮ್ಮ ಚೀಲ ಹೋಗ್ತಿದೆ!"

"ನಂದಲ್ಲ" ಎಂದಳು ಗುಂಡಿಯಕ್ಕ.

ಎರಡು ಚೀಲಗಳೂ ಸ್ವಲ್ಪ ಹೊತ್ತು ತೇಲಿ, ನೀರು ಕುಡಿದು, ಕಣ್ಮರೆಯಾದವು. ಅವಳಿಗೆ ಹಾಯಾಗಿತ್ತು.

ತಂಗಿ ಓಡಿಬಂದಳು. ಏನಾಯಿತೆಂದು ಬಲೆಯವಳೇ ಹೇಳಿದಳು. ತಂಗಿಯ ಕೈ ಅಕ್ಕನ ಕೆನ್ನೆಗೆ ಬಿತ್ತು, ಕನ್ನಡಕ ಹಾರಿ ಮರಳಿಗೆ ಬಿತ್ತು.

"ಕ್ಯಾಮೆರಾ ಹಾಳಾಗಿ ಹೋಗ್ಲಿ. ನನ್ನ ಚೀಲದಲ್ಲಿ ಅಮ್ಮನ ಶಾಲು ಇತ್ತು ಕಣೇ!"

ಅಮ್ಮನದೆಂದು ಉಳಿದದ್ದು ಆ ಶಾಲೊಂದೇ. ಆರು ವರ್ಷದವಳಿದ್ದಾಗಿನಿಂದ ತಂಗಿ ಎಲ್ಲಿ ಮಲಗಿದರೂ ಅದನ್ನು ತಲೆಯಡಿ ಇಟ್ಟುಕೊಳ್ಳುತ್ತಿದ್ದಳು. ಮದುವೆಯಾದ ಮೇಲೆ ಬಿಟ್ಟಿದ್ದಾಳೆ ಎಂದೇ ಅಕ್ಕ ತಿಳಿದಿದ್ದಳು.

ಗುಂಡಿಯಕ್ಕ ಸೀರೆಯುಟ್ಟಂತೆಯೇ ನೀರಿಗೆ ನುಗ್ಗಿದಳು. ಎದೆಮಟ್ಟ ಹೋದವಳನ್ನು ಬಲೆಯವಳು ಜುಟ್ಟು ಹಿಡಿದು ಎಳೆದು ತಂದಳು. ಅಷ್ಟರಲ್ಲಿ ಗಂಡ ಹೆಂಡತಿ ಸ್ಟೇಷನ್ನಿನ ದಾರಿ ಹಿಡಿದಾಗಿತ್ತು. ಅವಳು ಒಂದಿಡೀ ದಿನ ತೀರವನ್ನು ಜಾಲಾಡಿದಳು. ಸಿಕ್ಕಿದ್ದು ತಂಗಿಯ ಗಂಡನ ಒಂದು ಚಪ್ಪಲಿ, ಒಂದು ಬಾಚಣಿಗೆ.

ಅವಳು ಮನೆ ಮುಟ್ಟುವ ಹೊತ್ತಿಗೆ ಟ್ರಂಕು ಹೊರಗೆ ಮೆಟ್ಟಿಲ ಮೇಲಿತ್ತು. ಬಾಗಿಲು ಬಡಿದಳು. ಒಳಗೆ ರೇಡಿಯೋದ ಸದ್ದು ಜೋರಾಯಿತು. ಅಲ್ಲಿಂದ ಕಾರ್ಖಾನೆಯ ಹಿಂದಿನ ಹೆಂಗಸರ ಹಾಸ್ಟೆಲ್ಲಿಗೆ ಹೋದಳು. ಒಂದು ಕೋಣೆಗೆ ನಾಲ್ಕು ಮಂಚ. ಇವಳದು ಬಚ್ಚಲ ಬಾಗಿಲಿನ ಪಕ್ಕದ್ದು.

ಅಕ್ಕನಿಗೆ ತಲೆ ಕೆಟ್ಟಿದೆ ಎಂದು ತಂಗಿ ನೆಂಟರಿಷ್ಟರಲ್ಲೆಲ್ಲ ಸಾರಿಬಿಟ್ಟಳು. ಒಮ್ಮೆ ಚಿಕ್ಕಮ್ಮ ಹಣ್ಣು ಹಿಡಿದು ನೋಡಲು ಬಂದಳು. ಮಂಚದ ತುದಿಯಲ್ಲಿ ಕುಳಿತು ಕಿವುಡರೊಡನೆ ಮಾತಾಡುವಂತೆ ಒಂದೊಂದೇ ಪದ ಬಿಡಿಸಿ ಕೇಳಿದಳು: "ಯಾಕೆ... ಹಾಗೆ... ಮಾಡ್ದೆ?"

"ಶಾಲಿರೋದು ಗೊತ್ತಿದ್ದಿದ್ರೆ ಆ ಒಂದು ಚೀಲ ಎತ್ತಿಡ್ತಿದ್ದೆ ಚಿಕ್ಕಮ್ಮ."

"ಇನ್ನೊಂದು?"

"ಹೋಗ್ಲಿ ಅಂತಾನೇ ಕೂತಿದ್ದೆ."

ಚಿಕ್ಕಮ್ಮ ಹಣ್ಣನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಸೆರಗು ಸರಿಮಾಡಿಕೊಂಡು ಎದ್ದುಹೋದಳು. ಆಮೇಲೆ ಆ ಕಡೆ ಯಾರೂ ಸುಳಿಯಲಿಲ್ಲ.