ಆಪರೇಷನ್ ಆದವರ ಎದುರು

ಬೊರಿವಲಿಯಲ್ಲಿ ನನ್ನ ದವಾಖಾನೆ ಇರುವ ರಸ್ತೆಯಲ್ಲೇ ಕನ್ನಡ ಸಂಘದ ಸಭಾಗೃಹವಿದೆ. ಎರಡು ವರ್ಷದ ಹಿಂದೆ ಸಂಘದವರು ಖಾಸಗಿ ಲ್ಯಾಬ್ ಒಂದರ ಜೊತೆ ಸೇರಿ ಸದಸ್ಯರಿಗೆಲ್ಲ ಫುಲ್ ಬಾಡಿ ಚೆಕಪ್ ಇಟ್ಟುಕೊಂಡಿದ್ದರು. ಚೆಕಪ್ಪಿನ ಹಿಂದಿನ ಭಾನುವಾರ ನಾಲ್ಕು ಮಾತು ಆಡಿ ಎಂದು ಕಾರ್ಯದರ್ಶಿ ನನ್ನನ್ನು ಕರೆದರು. ಜನರನ್ನು ಹುರಿದುಂಬಿಸಲಿ ಎಂಬುದು ಅವರ ಆಸೆ. ನಾನು ಆಡಿದ್ದು ತದ್ವಿರುದ್ಧ.

ಯಾವ ತೊಂದರೆಯೂ ಇಲ್ಲದವರು ಮೈಯೆಲ್ಲ ಸ್ಕ್ಯಾನ್ ಮಾಡಿಸಿದರೆ ಏನಾದರೊಂದು ಸಿಕ್ಕೇ ಸಿಗುತ್ತದೆ, ಸಿಕ್ಕಿದ್ದೆಲ್ಲ ರೋಗವಲ್ಲ ಎಂದೆ. ಥೈರಾಯ್ಡಿನ ಉದಾಹರಣೆ ಕೊಟ್ಟೆ. ಅಲ್ಲಿ ಕಾಣುವ ಎಷ್ಟೋ ಸಣ್ಣ ಗಂಟುಗಳು, ಕ್ಯಾನ್ಸರ್ ಎಂದು ಹೆಸರಿಟ್ಟ ಕೆಲವು ಕೂಡ, ಬದುಕಿಡೀ ಸುಮ್ಮನೆ ಇದ್ದುಬಿಡುತ್ತವೆ ಎಂದೆ. ದನಿ ಬದಲಾದವರು, ನುಂಗಲು ಕಷ್ಟವಾಗುವವರು ಖಂಡಿತ ತೋರಿಸಿಕೊಳ್ಳಿ ಎಂದೂ ಸೇರಿಸಿದೆ. ಅದು ಯಾರ ಕಿವಿಗೂ ಬಿದ್ದಂತಿರಲಿಲ್ಲ.

ಮೂರನೆಯ ಸಾಲಿನಿಂದ ಒಬ್ಬ ಹೆಂಗಸು ಎದ್ದರು. ಧಾರವಾಡದ ಕಡೆಯವರು, ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರಾಗಿ ನಿವೃತ್ತರಾದವರು. ಸೆರಗು ಸರಿಸಿ ಕುತ್ತಿಗೆಯ ಮೇಲಿನ ಗೆರೆ ತೋರಿಸಿದರು.

"ಹಂಗಾರ ನನ್ನ ಕುತ್ತಿಗಿ ಸುಮ್ಮನ ಕೊಯ್ದಾರೇನ್ರಿ ಡಾಕ್ಟ್ರ?"

ನಿಮ್ಮ ರಿಪೋರ್ಟ್ ನೋಡದೆ ಹೇಳಲಾರೆ ಎನ್ನಬೇಕಿತ್ತು. "ಇರಬಹುದು" ಎಂದುಬಿಟ್ಟೆ.

ಪಕ್ಕದಲ್ಲಿದ್ದ ಅವರ ಗಂಡ ಎದ್ದರು. ಹಠ ಹಿಡಿದು ಹೆಂಡತಿಗೆ ಸ್ಕ್ಯಾನ್ ಮಾಡಿಸಿದ್ದೇ ಅವರಂತೆ. ಲೋಕಲ್ ರೈಲು ಹಿಡಿದು ಪರೇಲಿನ ಕ್ಯಾನ್ಸರ್ ಆಸ್ಪತ್ರೆಗೆ ತಿಂಗಳುಗಟ್ಟಲೆ ಓಡಾಡಿದ್ದರಂತೆ. "ನಾ ಆಕೀನ ಉಳಿಸೀನಿ" ಎಂದರು. "ನೀವು ಮೈಕ್ ಹಿಡ್ಕೊಂಡು ನಾನ ಕೊಯ್ಸೀನಿ ಅಂತೀರಿ."

ಆಮೇಲೆ ಸಭೆ ನನ್ನ ಕೈಯಲ್ಲಿ ಉಳಿಯಲಿಲ್ಲ. ತಡವಾಗಿ ಗೊತ್ತಾಗಿ ತನ್ನ ತಂಗಿ ಸತ್ತಳು, ಅದಕ್ಕೇನು ಹೇಳುತ್ತೀರಿ ಎಂದು ಒಬ್ಬರು ಕೇಳಿದರು. ಲ್ಯಾಬಿನವರು ಈ ಡಾಕ್ಟರಮ್ಮನಿಗೆ ಕಮಿಷನ್ ಕೊಟ್ಟಿರಲಿಕ್ಕಿಲ್ಲ ಎಂದು ಹಿಂದಿನಿಂದ ಯಾರೋ ಅಂದರು, ಕೆಲವರು ನಕ್ಕರು. ಕಾರ್ಯದರ್ಶಿ ಮೈಕ್ ತೆಗೆದುಕೊಂಡರು. ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಚೆಕಪ್‌ಗೆ ಹೆಸರು ಬರೆಸುವವರ ಸಾಲು ಬಾಗಿಲ ತನಕ ಬಂದಿತ್ತು.

ವಾರದ ನಂತರ ಆ ಟೀಚರ್ ಒಬ್ಬರೇ ದವಾಖಾನೆಗೆ ಬಂದು ಫೈಲನ್ನು ಮೇಜಿನ ಮೇಲಿಟ್ಟರು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ. ಖರೇ ಹೇಳಬೇಕು ಎಂದರು. ಪೂರ್ತಿ ಓದಿದೆ. ಕಡಲೆಕಾಳಿನಷ್ಟು ಕ್ಯಾನ್ಸರ್ ಗಂಟು, ಸುತ್ತ ಎಲ್ಲೂ ಹರಡಿರಲಿಲ್ಲ. ತೆಗೆಯದೆ ವರ್ಷಕ್ಕೊಮ್ಮೆ ನೋಡುತ್ತ ಇರಬಹುದಿತ್ತು, ಬಹುಶಃ ಏನೂ ಆಗುತ್ತಿರಲಿಲ್ಲ, ಆದರೆ ಖಾತ್ರಿಯಾಗಿ ಯಾರೂ ಹೇಳಲಾರರು ಎಂದೆ.

"ದಿನಾ ಮುಂಜಾನೆ ಥೈರಾಯ್ಡ್ ಗುಳಿಗಿ ನುಂಗುವಾಗ ಜೀವ ಉಳೀತು ಅನ್ಕೋತಿದ್ದೆ. ಇನ್ನ ಏನ್ ಅನ್ಕೊಳ್ಳಲಿ?"

ಅವರು ಫೈಲಿನ ದಾರ ಬಿಗಿದು ಕಟ್ಟಿದರು. ತಮ್ಮ ಯಜಮಾನರಿಗೆ ಇದು ತಿಳಿಯಕೂಡದು, ತಮಗೂ ನೀವು ಹೇಳಬಾರದಿತ್ತು ಎಂದರು. ನನಗೂ ರೇಗಿತು. ನೀವೇ ಅಲ್ಲವೇ ಕೇಳಿದ್ದು ಎಂದೆ.

"ಸುಮ್ಮನ ಕೊಯ್ದಿಲ್ಲ ಅಂತ ನಿಮ್ಮ ಬಾಯಿಲೆ ಅನ್ನಿಸ್ಬೇಕಂತ ಕೇಳಿದ್ದೆ" ಎಂದು ಹೊರಟುಹೋದರು.

ಸಂಘದವರು ನನ್ನನ್ನು ಮತ್ತೆ ಕರೆದಿಲ್ಲ. ಆ ಗಂಡ ಹೆಂಡತಿ ಈಗ ಸ್ಟೇಷನ್ ಹತ್ತಿರದ ಡಾಕ್ಟರ ಬಳಿ ಹೋಗುತ್ತಾರೆ. ರಸ್ತೆಯಲ್ಲಿ ಎದುರಾದರೆ ಆಕೆ ಮುಖ ತಿರುಗಿಸುತ್ತಾರೆ. ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲವಲ್ಲ ಎಂದು ನನಗೂ ಇನ್ನೂ ಸಿಟ್ಟಿದೆ. ಹಾಗಾಗಿ ನಾನೂ ಮಾತಾಡಿಸುವುದಿಲ್ಲ.