ಅಂಕೋಲೆಯಲ್ಲೊಬ್ಬರು ಕರೆಯುತ್ತಿದ್ದರು

“ಮೇಡಂ, ನಿಮ್ಮ ಫಂಕ್ಷನ್ ಇವತ್ತು ಎಷ್ಟ್ ಕರೆದ್ರೂ ಬರೂದಿಲ್ಲ. ಎಂತ ಮಾಡಿದ್ರಿ?”

ಫೋನಿನಲ್ಲಿದ್ದ ಹೆಂಗಸಿನ ದನಿ ನಾನು ಕೇಳಿದ್ದಲ್ಲ. ಅಂಕೋಲೆಯ ನಮ್ಮ ಶಾಖೆಯವರು. ಕಾರವಾರದ ಕಚೇರಿಯಲ್ಲಿ ಪ್ರೋಗ್ರಾಂ ಬರೆಯುವವಳು ನಾನೊಬ್ಬಳೇ. ಗುರುತಿನ ಚೀಟಿಗಾಗಿ ಬರುವ ಮಾಹಿತಿಯಲ್ಲಿ ಮಂಜಗುಣಿ, ಭಾವಿಕೇರಿ ಎಂಬ ಊರ ಹೆಸರುಗಳನ್ನು ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಿದ್ದರು. ಅವನ್ನು ತಿದ್ದುವ ಒಂದು ಫಂಕ್ಷನ್, ಅಂದರೆ ಹೆಸರು ಹಿಡಿದು ಕರೆದರೆ ಕೆಲಸ ಮಾಡಿಕೊಡುವ ಪ್ರೋಗ್ರಾಂ ತುಣುಕು, ಬರೆದು ಬೇಕಾದವರು ತಮ್ಮ ಪ್ರೋಗ್ರಾಮಿಗೆ ತಂದುಕೊಂಡು ಬಳಸಲಿ ಎಂದು ಎರಡೂ ಕಚೇರಿಗೆ ಸಿಗುವ ಕಡೆ ಇಟ್ಟಿದ್ದೆ. ಯಾರೂ ಅದರ ಬಗ್ಗೆ ಒಂದು ಮಾತು ಆಡಿರಲಿಲ್ಲ. ನನ್ನ ಹೊರತು ಯಾರಿಗೂ ಅದು ಬೇಡವೆಂದುಕೊಂಡು ಅಂದು ಬೆಳಿಗ್ಗೆ ಅದರ ಹೆಸರನ್ನೇ ಬದಲಿಸಿದ್ದೆ.

“ಅದನ್ನು ನೀವು ಬಳಸ್ತೀರಾ?” ಎಂದೆ.

“ದಿನಾ ಅದ್ನೇ ಕರಿಯೂದು. ನಾಳೆ ಮಂಜಗುಣಿಯವ್ರಿಗೆ ಚೀಟಿ ಕೊಡ್ಬೇಕು. ಬೇಗ ಸರಿ ಮಾಡಿ ಮಾರಾಯ್ರೆ.”

ಹಳೆಯ ಹೆಸರನ್ನೇ ಮತ್ತೆ ಇಟ್ಟೆ. ಫೋನಿಡದೆ ಇಬ್ಬರೂ ಕಾದೆವು. ಆ ಕಡೆ ಪ್ರಿಂಟರ್ ಸದ್ದು ಶುರುವಾಯಿತು. “ಹೆಸರು ಬದಲಿಸುವಾಗ ಕೇಳೋಣ ಅಂದ್ರೆ ಇಲ್ಲಿ ಯಾರೂ ಇಲ್ಲ” ಎಂದೆ. ಅವರು “ಇಲ್ಲೂ ನಾನೊಬ್ಳೇ” ಎಂದರು.

ಮರುತಿಂಗಳು ಅವರು ಕೆಲಸ ಬಿಟ್ಟರು. ನಾವು ಭೇಟಿಯಾಗಲೇ ಇಲ್ಲ. ಆದರೆ ಆ ಫೋನ್ ಬಂದ ದಿನ ಸಂಜೆ ಹಬ್ಬುವಾಡದ ಬಾಡಿಗೆ ಕೋಣೆಗೆ ನಡೆಯುವಾಗ ನನಗೆ ಅನಿಸಿದ್ದು ಇಷ್ಟೇ: ಇಷ್ಟು ದಿನ ನನಗೊಬ್ಬರು ಜೊತೆಗಾರರಿದ್ದರು, ಅದು ಗೊತ್ತಾಗಲು ಕೆಲಸ ಕೆಟ್ಟು ನಿಲ್ಲಬೇಕಾಯಿತು.