ತಮ್ಮನ ಮರೆವಿಗೆ ಹಸಿರು ಗುಳಿಗೆ

ಬೀದಿಯವರೆಲ್ಲ ಅವಳನ್ನು ಸೂಜಿಯಕ್ಕ ಎನ್ನುತ್ತಿದ್ದರು. ಬಟ್ಟೆ ಹೊಲಿಯುತ್ತಿದ್ದಳೆಂದು ಮಾತ್ರವಲ್ಲ, ನಾಲಿಗೆಯ ಮೊನೆಯೂ ಹಾಗೇ ಇತ್ತು. ಅಳತೆ ಕೊಡಲು ಬಂದವರು ಹೊಟ್ಟೆ ಒಳಗೆಳೆದುಕೊಂಡು ನಿಂತರೆ, "ಉಸಿರು ಬಿಡಪ್ಪಾ, ಅಂಗಿ ಹಾಕ್ಕೊಂಡ ಮೇಲೆ ಉಸಿರಾಡೋದು ಬೇಡ್ವಾ?" ಎನ್ನುವಳು. ತಾಯಿ ತೀರಿಕೊಂಡಾಗ ತಮ್ಮನಿಗೆ ಇನ್ನೂ ತೊದಲು ಮಾತು. ಅವನನ್ನು ಸಾಕಿ, ಓದಿಸಿ, ಬಸ್ ಡ್ರೈವರ್ ಮಾಡುವಷ್ಟರಲ್ಲಿ ಅವಳ ಮದುವೆಯ ವಯಸ್ಸು ಹೊಲಿಗೆ ಮಿಷನ್ನಿನ ಮುಂದೆಯೇ ಕಳೆದುಹೋಗಿತ್ತು.

ಹೆಂಡತಿ ತೀರಿಕೊಂಡ ಮೇಲೆ ಆ ತಮ್ಮ ಮತ್ತೆ ಅಕ್ಕನ ಮನೆಗೇ ಬಂದ. ನಿವೃತ್ತನಾಗಿ ಕೆಲವು ವರ್ಷ ಚೆನ್ನಾಗಿಯೇ ಇದ್ದ. ಆಮೇಲೊಂದು ದಿನ ಹಾಲು ತರಲು ಹೋದವನು ಮೂಲೆಯ ಅಂಗಡಿಯೆದುರು ನಿಂತೇಬಿಟ್ಟ. ಮನೆಗೆ ಯಾವ ಕಡೆ ತಿರುಗಬೇಕೆಂದು ತಿಳಿಯಲಿಲ್ಲ. ಊರಿನ ಅಷ್ಟೂ ತಿರುವುಗಳಲ್ಲಿ ಬಸ್ಸು ತಿರುಗಿಸಿದವನು. ಇದು ಮೆದುಳು ಸವೆಯುವ ಕಾಯಿಲೆ, ಮರೆವು ಹೆಚ್ಚುತ್ತಲೇ ಹೋಗುತ್ತದೆ ಎಂದರು ವೈದ್ಯರು. ಅರವತ್ತರ ಅರಳು ಮರಳು ಎಂದು ನೆರೆಯವರು ನಕ್ಕರು. ಅಕ್ಕ ನಗಲಿಲ್ಲ.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಅಕ್ಕನಿಗೆ ಸಿಕ್ಕ ಹುಲ್ಲುಕಡ್ಡಿ ವಿಟಮಿನ್ ಇ. ಬಟ್ಟೆ ಕೊಡಲು ಬಂದ ಗಿರಾಕಿಯೊಬ್ಬಳು ಹೇಳಿದಳು: "ಎಣ್ಣೆ ಕಮಟು ಹಿಡೀದ ಹಾಗೆ ಕಾಯೋದು ಅದೇ ಅಂತೆ ಸೂಜಿಯಕ್ಕ. ಮೈಯೊಳಗೂ ಹಾಗೇ ಕಾಯುತ್ತಂತೆ. ಮುಪ್ಪು ಹತ್ತಿರ ಸುಳಿಯಲ್ವಂತೆ."

ಮಾತು ಮನಸ್ಸಿಗೆ ನಾಟಿತು. ಔಷಧಿ ಅಂಗಡಿಯಿಂದ ಹಸಿರು ಗುಳಿಗೆ ತಂದು ಬೆಳಿಗ್ಗೆ ಒಂದು ಕೊಡತೊಡಗಿದಳು. ಅದೇ ವಾರ ತಮ್ಮ ತನ್ನ ಚಪ್ಪಲಿ ತಾನೇ ಹುಡುಕಿಕೊಂಡ. ಅಷ್ಟೇ ಸಾಕಾಯಿತು. ಮಧ್ಯಾಹ್ನಕ್ಕೂ ಒಂದು, ಸಂಜೆಗೂ ಒಂದು, ಕೊನೆಗೆ ಹೊತ್ತಿಗೆ ಎರಡೆರಡು. ಎದೆಬಡಿತ ಏರುಪೇರಾಗುತ್ತಿದ್ದ ಅವನಿಗೆ ರಕ್ತ ಹೆಪ್ಪುಗಟ್ಟದಿರಲೆಂದು ಬೇರೊಂದು ಮಾತ್ರೆ ಮೊದಲಿನಿಂದಲೂ ನಡೆದಿತ್ತು. ಎರಡಕ್ಕೂ ಸಂಬಂಧವಿದ್ದೀತೆಂದು ಅವಳಿಗೆ ಹೊಳೆಯಲೇ ಇಲ್ಲ. ವಿಟಮಿನ್ ಅಂದರೆ ಅನ್ನವಿದ್ದ ಹಾಗೆ, ಒಂದು ತುತ್ತು ಹೆಚ್ಚಾದರೇನು ಎಂದುಕೊಂಡಿದ್ದಳು.

ಒಂದು ಬೆಳಿಗ್ಗೆ ಮುಖ ತೊಳೆಯುತ್ತಿದ್ದವನ ಮೂಗಿನಿಂದ ರಕ್ತ ಇಳಿಯಿತು. ಒತ್ತಿಹಿಡಿದ ಬಟ್ಟೆ ನೆನೆಯಿತು, ಇನ್ನೊಂದೂ ನೆನೆಯಿತು, ರಕ್ತ ಮಾತ್ರ ನಿಲ್ಲಲೊಲ್ಲದು. ಕನ್ನಡಿಯೊಳಗಿನ ಮುಖ ನೋಡಿ ತಮ್ಮ, "ಪಾಪ, ಇವರಿಗೇನಾಯ್ತು ಅಕ್ಕ?" ಎಂದು ಕೇಳಿದ.

ಆಸ್ಪತ್ರೆಯ ಡಾಕ್ಟರಮ್ಮ ಮೂಗಿಗೆ ಬತ್ತಿಯಿಟ್ಟು ರಕ್ತ ನಿಲ್ಲಿಸಿದ ಮೇಲೆ ವಿಚಾರಿಸಿದರು. "ನಾವು ಬರೆದುಕೊಟ್ಟಿದ್ದು ಬಿಟ್ಟು ಬೇರೇನಾದ್ರೂ ಕೊಡ್ತಿದ್ರಾ?"

ಅಕ್ಕ ಚೀಲದಿಂದ ಗುಳಿಗೆ ತೆಗೆದು ತೋರಿಸಿ, ದಿನಕ್ಕೆಷ್ಟು ಎಂದು ಮೆಲ್ಲಗೆ ಹೇಳಿದಳು.

"ಇಷ್ಟೊಂದು ಯಾಕಮ್ಮ?"

"ಮರೆವು ನಿಲ್ಲಲಿ ಅಂತ."

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು. "ಊಟದಲ್ಲಿ ಎಣ್ಣೆ, ಬೀಜ, ಸೊಪ್ಪಿನ ಜೊತೆ ಬರೋದು ಮೈಗೆ ಬೇಕೇ ಬೇಕು. ಆದ್ರೆ ಗುಳಿಗೆ ಅತಿಯಾದ್ರೆ ರಕ್ತ ಬೇಗ ಹೆಪ್ಪುಗಟ್ಟಲ್ಲ. ಇವರಿಗೆ ಅದಕ್ಕೇ ಅಂತ ಒಂದು ಮಾತ್ರೆ ಮೊದಲೇ ಇದೆ. ಎರಡೂ ಸೇರಿಬಿಟ್ವು."

"ಮರೆವಿಗೆ ಒಳ್ಳೇದಲ್ವಾ?"

"ಕೆಲವರಿಗೆ ದಿನದ ಕೆಲಸ ಕೈಬಿಟ್ಟುಹೋಗೋದು ಸ್ವಲ್ಪ ನಿಧಾನ ಆಯ್ತು ಅಂತ ಒಂದೆರಡು ಪರೀಕ್ಷೇಲಿ ಕಂಡಿದೆ. ಬೇರೆ ಕಡೆ ಏನೂ ಕಂಡಿಲ್ಲ. ಹೋದ ನೆನಪನ್ನಂತೂ ಅದು ವಾಪಸ್ ತರಲ್ಲಮ್ಮ. ಇವರಿಗೆ ಬೇಡವೇ ಬೇಡ."

"ಹಾಗಾದ್ರೆ ನನ್ನ ಕೈಯಾರೆ ವಿಷ ಹಾಕಿದೆ."

"ವಿಷ ಅಲ್ಲ. ಕೇಳದೇ ಕೊಟ್ರಿ. ಇನ್ಮೇಲೆ ಕೇಳಿ ಕೊಡಿ."

ಬೈದಿದ್ದರೆ ಸಲೀಸಾಗುತ್ತಿತ್ತು ಎನಿಸಿತು ಅಕ್ಕನಿಗೆ.

ತಮ್ಮ ಆಸ್ಪತ್ರೆಯಿಂದ ಮನೆಗೆ ಬಂದ. ಗುಳಿಗೆ ನಿಂತಿತು. ಅವನಿಗಾಗಿ ತಾನು ಏನೋ ಮಾಡುತ್ತಿದ್ದೇನೆ ಎಂಬ ಧೈರ್ಯವೂ ಅದರ ಜೊತೆಗೇ ಹೋಯಿತು. ಕೆಲವು ದಿನ ಅವಳು ಮಿಷನ್ ಮುಟ್ಟಲಿಲ್ಲ, ಗಿರಾಕಿಗಳನ್ನು ಬೈಯಲೂ ಇಲ್ಲ. ಆಮೇಲೆ, ಸಂಜೆಯಾದರೆ ಕೆಲಸ ಬದಿಗಿಟ್ಟು, ಅವನನ್ನು ಬಸ್ ನಿಲ್ದಾಣಕ್ಕೆ ಕರೆದೊಯ್ಯತೊಡಗಿದಳು. ಕಲ್ಲುಬೆಂಚಿನ ಮೇಲೆ ಕೂತು ಅವನು ಬಸ್ಸುಗಳ ಸದ್ದು ಕೇಳುವನು. "ಇದರ ಗೇರು ಸರಿಯಿಲ್ಲ" ಎಂದು ಒಮ್ಮೊಮ್ಮೆ ತಲೆಯಾಡಿಸುವನು. ಅಕ್ಕನಿಗೆ ಗೇರಿನ ಗಂಧವೂ ಗೊತ್ತಿಲ್ಲ. "ಹೌದು ಕಣೋ" ಎನ್ನುವಳು.

ಅಂಥದೊಂದು ಸಂಜೆ ಅವನು ಅವಳ ಕಡೆ ತಿರುಗಿ, ಪರಸ್ಥಳದವರನ್ನು ಮಾತಾಡಿಸುವ ಮರ್ಯಾದೆಯಲ್ಲಿ, "ತಾವು ಎಲ್ಲಿಗೆ ಹೋಗಬೇಕು?" ಎಂದ.

ನಾನು ನಿನ್ನ ಅಕ್ಕ ಕಣೋ ಎನ್ನಲು ಬಾಯಿ ತೆರೆದವಳು ಆ ಮಾತನ್ನು ನುಂಗಿಕೊಂಡಳು.

"ಅಲ್ಲೇ, ನಿಮ್ಮ ಮನೆ ಹತ್ತಿರಾನೇ."

"ಹಾಗಾದ್ರೆ ಜೊತೇಲೇ ಹೋಗೋಣ ಬನ್ನಿ. ಕತ್ತಲಾಗ್ತಾ ಬಂತು," ಎಂದು ಅವನು ಎದ್ದು, ಅವಳು ಏಳಲೆಂದು ಕೈ ಚಾಚಿದ.